ಪಟ್ಟಿಯಲ್ಲಿಲ್ಲದ ಚಾನೆಲ್

ನನಗೆ ಕೋಪ ಮೂಗಿನ ತುದಿಯಲ್ಲೇ. ಸ್ಟುಡಿಯೋದಲ್ಲಿ ನನ್ನನ್ನು ಕರೆಯುವುದೇ ಇನ್‌ಸ್ಪೆಕ್ಟರ್ ಎಂದು. ಆ ಹೆಸರು ಇಟ್ಟವನು ಬೇರೆ ಯಾರೂ ಅಲ್ಲ, ನನ್ನ ಸ್ವಂತ ತಮ್ಮ.

ಒಂದೇ ಮಹಡಿಯಲ್ಲಿ ಇಬ್ಬರಿಗೂ ಸಿನಿಮಾ ಗ್ರಾಫಿಕ್ಸ್ ಕೆಲಸ. ಕಂಪ್ಯೂಟರಿನೊಳಗೆ ಕಟ್ಟಿದ ದೃಶ್ಯಕ್ಕೆ ಬೆಳಕು ಕೊಡುವುದು ಅವನದು. ಅವನು ಕಳಿಸಿದ್ದನ್ನೂ ಕ್ಯಾಮೆರಾದಲ್ಲಿ ತೆಗೆದದ್ದನ್ನೂ ಹೊಂದಿಸಿ ಒಂದು ಚಿತ್ರ ಮಾಡುವುದು ನನ್ನದು. ಅವನು ಕಳಿಸುವ ಒಂದೊಂದು ಫ್ರೇಮಿನ ಫೈಲೂ ಒಂದು ಬೀರು ಇದ್ದ ಹಾಗೆ. ಒಂದು ಖಾನೆಯಲ್ಲಿ ಬಣ್ಣ, ಇನ್ನೊಂದರಲ್ಲಿ ನೆರಳು, ಮತ್ತೊಂದರಲ್ಲಿ ಹೊಳಪು, ಮಗದೊಂದರಲ್ಲಿ ಯಾವುದು ಎಷ್ಟು ದೂರದಲ್ಲಿದೆ ಎಂಬ ವಿವರ. ಆ ಖಾನೆಗೆ ಚಾನೆಲ್ ಎನ್ನುತ್ತೇವೆ. ಅವನ್ನೆಲ್ಲ ಕೈಯಲ್ಲಿ ಒಂದೊಂದಾಗಿ ತೆಗೆಯುತ್ತ ಕೂತರೆ ಸಿನಿಮಾ ಬಿಡುಗಡೆ ಆದ ಹಾಗೇ. ಅದಕ್ಕೇ ನಾನೊಂದು ಸ್ಕ್ರಿಪ್ಟ್, ಅಂದರೆ ಕಂಪ್ಯೂಟರ್ ತಾನೇ ಮಾಡಿಕೊಳ್ಳುವಂತೆ ಆದೇಶಗಳ ಸಾಲು, ಬರೆದಿಟ್ಟಿದ್ದೆ. ಚಾನೆಲ್‌ಗಳ ಹೆಸರು ನೋಡಿ ಅದೇ ತೆಗೆದು ಅದೇ ಜೋಡಿಸುತ್ತಿತ್ತು.

ಆದರೆ ನಮ್ಮ ಮಹಾಶಯನಿಗೆ ಹೆಸರಿಡುವುದೆಂದರೆ ಆಟ. ‘ನೆರಳು’, ‘ನೆರಳು ಹೊಸದು’, ‘ನೆರಳು ಇದೇ ಕೊನೆ’, ‘ನೆರಳು ಆಣೆಗೂ ಇದೇ ಕೊನೆ’. ಒಂದು ದಿನ ನನ್ನ ಸ್ಕ್ರಿಪ್ಟ್ ಅವುಗಳಲ್ಲಿ ಎರಡನ್ನು ಒಟ್ಟಿಗೇ ಎತ್ತಿಕೊಂಡಿತು. ಸೇತುವೆಯ ಮೇಲೆ ನಡೆಯುವ ಮುದುಕಿಗೆ ಎರಡೆರಡು ನೆರಳು. ದೊಡ್ಡ ಪರದೆಯ ಮೇಲೆ ಅದನ್ನು ನೋಡಿದ ನಿರ್ದೇಶಕರು, “ಪರವಾಗಿಲ್ಲ, ಅಜ್ಜಿಗೂ ಒಂದು ಜೊತೆ ಆಯ್ತು” ಎಂದರು. ಹನ್ನೆರಡು ಜನ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು.

“ಒಡಹುಟ್ಟಿದವನು ಅಂತ ಸುಮ್ನಿದೀನಿ. ಬೇರೆಯವನಾಗಿದ್ರೆ ಯಾವತ್ತೋ ಆಚೆ ಕಳಿಸ್ತಿದ್ದೆ. ನಿನ್ನ ಕಸ ಎಲ್ಲ ನನ್ನ ಫೈಲಿಗೆ ತುಂಬಬೇಡ” ಎಂದೆ, ಅದೇ ಹನ್ನೆರಡು ಜನರ ಮುಂದೆ.

ಅವನು ಕತ್ತು ತಗ್ಗಿಸಿ, “ಆಯ್ತಕ್ಕ” ಎಂದ.

ನಾನು ಅಷ್ಟಕ್ಕೆ ಬಿಡುವವಳೇ? ಅವತ್ತೇ ಸ್ಕ್ರಿಪ್ಟಿಗೆ ಹದಿನಾಲ್ಕು ಹೆಸರುಗಳ ಪಟ್ಟಿ ಹಾಕಿದೆ. ಪಟ್ಟಿಯಲ್ಲಿಲ್ಲದ ಚಾನೆಲ್ ಫೈಲಿನಲ್ಲಿದ್ದರೂ ನನ್ನ ಮೆನುವಿನಲ್ಲಿ ಕಾಣಿಸಬಾರದು, ಹಾಗೆ ಮಾಡಿದೆ. ಅವನ ಜೊತೆ ಮಾತನ್ನೂ ಬಿಟ್ಟೆ. ಫೋನ್ ಎತ್ತಲಿಲ್ಲ, ಮೆಸೇಜ್ ತೆರೆಯಲಿಲ್ಲ. ಊಟದ ಕೋಣೆಗೆ ಅವನು ಬಂದರೆ ನಾನು ಡಬ್ಬಿ ಮುಚ್ಚಿಕೊಂಡು ಎದ್ದೆ. ಹೀಗೆ ಹತ್ತೊಂಬತ್ತು ದಿನ. ಇಪ್ಪತ್ತನೆಯ ದಿನ ಬೆಳಿಗ್ಗೆ ಬಚ್ಚಲಲ್ಲಿ ಕುಸಿದವನು ಮತ್ತೆ ಏಳಲಿಲ್ಲ. ಹೃದಯ ನಿಂತಿತು ಎಂದರು. ಅವನಿಗೆ ಮೂವತ್ತಾರು ವರ್ಷ.

ನಾನು ಕೆಲಸಕ್ಕೆ ಮರಳಿದ ವಾರವೇ ಸ್ಟುಡಿಯೋದ ಫೈಲುಗಳನ್ನೆಲ್ಲ ಇಡುವ ಡಿಸ್ಕ್ ತುಂಬಿತ್ತು. ಅದನ್ನು ನೋಡಿಕೊಳ್ಳುವ ಹಿರಿಯರು ನನ್ನ ಮೇಜಿನ ಹತ್ತಿರ ಬಂದು, “ಮುಗಿದ ಶಾಟ್‌ಗಳಲ್ಲಿ ಬೇಡದ ಚಾನೆಲ್ ತೆಗೆದುಕೊಡಮ್ಮ. ಹಗುರ ಆದ್ಮೇಲೆ ಬ್ಯಾಕಪ್ ತಗೋತೀನಿ” ಎಂದರು. ತಲೆ ಓಡಿಸಬೇಕಿಲ್ಲದ ಕೆಲಸ ಸಿಕ್ಕಿತಲ್ಲ ಎಂದು ನನಗೆ ಸಮಾಧಾನವೇ ಆಯಿತು. ಅದೇ ಪಟ್ಟಿಯನ್ನು ತೆಗೆದುಕೊಂಡೆ. ಇದರಲ್ಲಿರುವುದನ್ನು ಉಳಿಸು, ಉಳಿದದ್ದನ್ನೆಲ್ಲ ಅಳಿಸು. ಊಟದ ಹೊತ್ತಿಗೆ ಎಲ್ಲ ಚೊಕ್ಕವಾಗಿತ್ತು.

ಅದಾಗಿ ಮೂರನೆಯ ದಿನ ತಮ್ಮನ ಹೆಂಡತಿ ಅವನ ಸಾಮಾನು ಒಯ್ಯಲು ಬಂದಳು. ಅವನ ಕಾಫಿ ಕಪ್, ಚಾರ್ಜರ್, ಕುರ್ಚಿಗೆ ನೇತುಹಾಕಿದ್ದ ಸ್ವೆಟರ್ ಒಂದೊಂದಾಗಿ ಚೀಲಕ್ಕೆ ಹಾಕುತ್ತ ಕೇಳಿದಳು.

“ಅಕ್ಕ, ಅವರು ಬರೆದಿದ್ದು ಓದಿದ್ರಲ್ಲ?”

“ಏನು ಬರೆದಿದ್ದ?”

“ನಿಮಗೆ ಸೇತುವೆ ಶಾಟಿನಲ್ಲಿ. ಹೋಗೋಕೆ ಒಂದು ವಾರ ಮುಂಚೆ. ಒಂದು ಚಾನೆಲ್ ಮಾಡಿ ಕೈಬರಹದಲ್ಲೇ ಬರೆದಿಟ್ಟಿದೀನಿ ಅಂದ್ರು. ಫೋನ್ ಎತ್ತಲ್ಲ, ಮೆಸೇಜ್ ನೋಡಲ್ಲ, ಫೈಲ್ ಅಂತೂ ತೆಗೀಲೇಬೇಕಲ್ಲ ನಮ್ಮಕ್ಕ ಅಂತ ನಗ್ತಿದ್ರು. ಏನು ಬರೆದ್ರಿ ಅಂತ ಕೇಳಿದ್ರೆ, ಅದು ನಮ್ಮಿಬ್ಬರದು ಅಂದ್ರು.”

ಬಂದೆ ಇರು ಎಂದು ನನ್ನ ಜಾಗಕ್ಕೆ ಹೋದೆ. ಸೇತುವೆ ಶಾಟಿನ ಇನ್ನೂರ ಹನ್ನೆರಡು ಫ್ರೇಮುಗಳನ್ನೂ ತೆರೆದು ನೋಡಿದೆ. ಒಂದೊಂದರಲ್ಲೂ ನನ್ನ ಹದಿನಾಲ್ಕು ಚಾನೆಲ್, ಬೇರೇನೂ ಇಲ್ಲ. ಬ್ಯಾಕಪ್ಪಿನಲ್ಲಿ ಹಳೆಯದು ಇದೆಯಾ ಎಂದು ಹಿರಿಯರಿಗೆ ಫೋನ್ ಮಾಡಿದೆ.

“ನೀನು ಸ್ವಚ್ಛ ಮಾಡಿಕೊಟ್ಟಿದ್ದೇ ಇರೋದಮ್ಮ. ಯಾಕೆ, ಏನಾದ್ರೂ ಹೋಯ್ತಾ?”

ಫೋನ್ ಇಟ್ಟೆ. ಸ್ಕ್ರಿಪ್ಟ್ ಅಳಿಸಿದ್ದರ ಹೆಸರನ್ನೆಲ್ಲ ಒಂದು ಕಡೆ ಬರೆದಿಡುತ್ತದೆ. ಅದನ್ನು ತೆರೆದೆ. ಒಂದನೆಯ ಫ್ರೇಮು, ‘ಅಕ್ಕನಿಗೆ’, ಅಳಿಸಲಾಗಿದೆ. ಎರಡನೆಯ ಫ್ರೇಮು, ‘ಅಕ್ಕನಿಗೆ’, ಅಳಿಸಲಾಗಿದೆ. ಕೊನೆಯವರೆಗೂ ಹಾಗೇ. ಯಾವ ಫ್ರೇಮ್ ತೆಗೆದರೂ ನನಗೆ ಸಿಗಲಿ ಎಂದು ಪೆದ್ದ ಎಲ್ಲದರಲ್ಲೂ ಇಟ್ಟಿದ್ದ.

ಆ ಕೊನೆಯ ವಾರದಲ್ಲಿ ಆ ಶಾಟನ್ನು ನಾನು ಮೂರು ಸಲ ತೆರೆದಿದ್ದೆ. ಮೂರು ಸಲವೂ ಗಾಜಿನ ಗೋಡೆಯಾಚೆ ಅವನು ತಲೆಯೆತ್ತಿ ನನ್ನನ್ನೇ ನೋಡುತ್ತಿದ್ದ. ಕೆಲಸದಲ್ಲಿ ತಪ್ಪು ಹುಡುಕುತ್ತಿದ್ದಾನೆ ಎಂದುಕೊಂಡು ನಾನು ಕುರ್ಚಿ ತಿರುಗಿಸಿ ಕೂತೆ. ಅಕ್ಕ ಓದಿದಳು, ಓದಿಯೂ ಮಾತಾಡಲಿಲ್ಲ ಎಂದುಕೊಂಡೇ ಹೋದನಲ್ಲ. ನನ್ನ ಕೋಪಕ್ಕಿಷ್ಟು ಬೆಂಕಿ ಹಾಕ.

ಅವಳು ಚೀಲ ಹಿಡಿದು ಬಾಗಿಲಲ್ಲಿ ಬಂದು ನಿಂತಳು. ಕಣ್ಣು ಊದಿಕೊಂಡಿತ್ತು.

“ಸಿಕ್ತಾ ಅಕ್ಕ?”

“ಹೂಂ. ಓದಿದೆ.”

“ಏನು ಬರೆದಿದ್ರು?”

“ಅದು ನಮ್ಮಿಬ್ಬರದು” ಎಂದೆ.

ಅವನು ಹೋದ ಮೇಲೆ ಮೊದಲ ಸಲ ಅವಳ ಮುಖದಲ್ಲಿ ಸಣ್ಣ ನಗು ಬಂತು. “ಸದ್ಯ. ನೀವಿಬ್ಬರೂ ಸರಿಹೋದ್ರಲ್ಲ” ಎಂದು ನನ್ನ ಭುಜ ತಟ್ಟಿ ಲಿಫ್ಟಿನ ಕಡೆ ಹೋದಳು.

ನಾನು ಬಂದು ಕೂತು ಪಟ್ಟಿಯ ಕೊನೆಗೆ ಹದಿನೈದನೆಯ ಹೆಸರು ಸೇರಿಸಿದೆ. ಅದನ್ನು ಇವತ್ತಿಗೂ ತೆಗೆದಿಲ್ಲ. ದಿನಾ ಹೊಸ ಶಾಟಿನ ಮೇಲೆ ಸ್ಕ್ರಿಪ್ಟ್ ಓಡಿಸುತ್ತೇನೆ. ಅದು ಬಣ್ಣ ಇದೆ, ನೆರಳು ಇದೆ, ಹೊಳಪು ಇದೆ ಎಂದು ಒಂದೊಂದೇ ಹೇಳುತ್ತ ಬಂದು, ಕೊನೆಯ ಸಾಲಿನಲ್ಲಿ ‘ಅಕ್ಕನಿಗೆ: ಇಲ್ಲ’ ಎನ್ನುತ್ತದೆ.