ತಿರುಗಿದ ಹೊರಸು

ಕಪ್ಪಿನ ಚಹಾ ಕೆನೆಗಟ್ಟುತ್ತಿದೆ, ಕುಡಿಯಲೋ ಬೇಡವೋ, ಕುಡಿದರಾದರೂ ದನಿ ಬಿಡುತ್ತದೆಯೇ, ನಾಲ್ಕು ಜನರೆದುರು ತನ್ನ ಮಾತು ಗಂಟಲಲ್ಲೇ ಯಾಕೆ ಇಂಗುತ್ತದೋ, ಡೈರಿಯಲ್ಲಿ ಪುಟಗಟ್ಟಲೆ ಮಾತಾಡುವ ಪ್ರಣಾಲಿ ನೌಬಾದದ ಈ ವೈರ್‌ಲೆಸ್ ತಪಾಸಣೆ ಆಫೀಸಿನಲ್ಲಿ ಹೂಂರಿ ಸರ್ ಎಂಬುದರಾಚೆ ಹೋಗಿಲ್ಲ, ಹೊರಗೆ ಪೊಲೀಸ್ ಜೀಪು ಆಗಲೇ ಗುರುಗುಡುತ್ತಿದೆ, ಎಕಂಬಾದಿಂದ ಕೈಲಾಶನನ್ನು ಎತ್ತಿಕೊಂಡು ಬರಲು. ರೇಡಿಯೋ ರಿಪೇರಿಯ ಕೈಲಾಶ, ಪೈಲಟ್‌ಗಳ ಮಾತಿನ ನಡುವೆ ಕಿರುಗುಟ್ಟುವ ಕಳ್ಳ ವೈರ್‌ಲೆಸ್ ಅವನದೇ ಅಂತೆ, ಸರ್ವೆ ವಿಮಾನ ಎರಡು ಕಡೆಯಿಂದ ಅದರ ದಿಕ್ಕು ಹಿಡಿದು ಬಂದಿದೆ, ನಕಾಶೆಯ ಮೇಲೆ ಗೆರೆ ಎಳೆದವಳು ತಾನೇ, ಎರಡೂ ಅವನ ಮನೆಯ ಮೇಲೆಯೇ ಕೂಡಿದವು — ಗೆರಿನೂ ಅದ, ಮಾಳಿಗಿ ಮ್ಯಾಲ ಆಂಟೆನಾ ಕಂಬಾನೂ ಅದ, ಇನ್ನೇನು ಅಂವ ಹಾರ ಹಿಡ್ಕೊಂಡು ಕಾಯ್ಬೇಕೇನ್ರಿ, ಆಫೀಸಿನ ಮುಖ್ಯಸ್ಥ ಚಂದ್ರಕಾಂತ ಸರ್ ಅಂದರು, ಎಲ್ಲರೂ ನಕ್ಕರು, ತಾನೂ ನಕ್ಕಳು, ಛೇ, ಯಾಕೆ ನಕ್ಕಳೋ.

ಆದರೆ ಮೂರನೆಯ ಗೆರೆ, ಅದೇ ವಿಮಾನ ಹಿಡಿದ ಬೀದರಿನ ಎಫ್‌ಎಂ ಟವರಿನ ದಿಕ್ಕು, ಸುಮ್ಮನೆ ತನ್ನ ಸಮಾಧಾನಕ್ಕೆ ಎಳೆದದ್ದು, ಟವರು ಎಲ್ಲಿದೆಯೆಂದು ಊರಿಗೆಲ್ಲ ಗೊತ್ತು, ಗೆರೆ ಮಾತ್ರ ಅದನ್ನು ಬಿಟ್ಟು ಗಾಂಧಿ ಗಂಜದ ಕಾಳಿನ ಮಾರುಕಟ್ಟೆಯ ಮೇಲೆ ಹಾದುಹೋಯಿತು, ತೊಗರಿ ಚೀಲ ಹಾಡುತ್ತವೆಯೇ — ಬೆಳಿಗ್ಗೆ ಭಾಲ್ಕಿಯ ಮನೆಯಲ್ಲಿ ಅವ್ವ ಕಸ ಹೊಡೆದು ಅಜ್ಜಿ ಕೂರುವ ಹಗ್ಗದ ಮಂಚ, ಆ ಹೊರಸನ್ನು, ತಿರುಗಿಸಿ ಹಾಕಿದ್ದಳು, ಕಣ್ಣು ಮಂಜಾದ ಜಿಜಾಬಾಯಿ ಅಜ್ಜಿಗೆ ಅದು ತಿಳಿಯದು, ಅಂಗಳದಲ್ಲಿ ಆಡು ಒದರಿತು, ದಿನವೂ ಅಜ್ಜಿಯ ಎಡಕ್ಕಿರುವುದು ಅಡುಗೆಮನೆ, ಕೂಗಿದಳು, ನನ್ನ ಎಡಕ್ಕದ, ಅಡಗಿ ಮನಿ ಹೊಕ್ಕದ, ಹೊಡೀರಿ ಅದನ್ನ, ಬೆರಳು ಚಾಚಿದ್ದು ನೇರ ಅಂಗಳಕ್ಕೆ, ಬೈಗುಳ ಅಡುಗೆಮನೆಗೆ, ನಾ ಆಡು ಅಲ್ರಿ ಅತ್ತಿ, ನಿಮ್ಮ ಸೊಸಿ, ಒಳಗಿನಿಂದ ಅವ್ವ. ಕಿವಿ ಸುಳ್ಳಲ್ಲ, ಎಡ ಎಡವೇ, ತಾನು ಯಾವ ಕಡೆ ಮುಖಮಾಡಿ ಕೂತಿದ್ದೇನೆ ಎಂಬುದಷ್ಟೇ ಅಜ್ಜಿಗೆ ಗೊತ್ತಿಲ್ಲ. ವಿಮಾನವೂ ಹಾಗೆಯೇ, ಹೊಸ ಆಂಟೆನಾ ಕೂಡಿಸಿದ ಮೇಲೆ ಅದರ ದಿಕ್ಸೂಚಿಯನ್ನು ಯಾರೂ ಸರಿಮಾಡಿಲ್ಲ, ಮೂತಿ ಒಂದು ಕಡೆ, ಅದು ತಿಳಿದದ್ದು ಇನ್ನೊಂದು ಕಡೆ, ಗೆರೆಗಳೆಲ್ಲ ಒಂದೇ ಪಕ್ಕಕ್ಕೆ ಜಾರಿವೆ, ದೂರ ಹೋದಷ್ಟೂ ಹೆಚ್ಚು ಜಾರಿ ಔರಾದದ ಕಡೆಯ ಎಕಂಬಾದಲ್ಲಿ ಯಾರದೋ ತಪ್ಪು ಯಾರದೋ ಹೊಸ್ತಿಲಿಗೆ ಬಿದ್ದಿದೆ, ಒಮ್ಮೆ ಪೊಲೀಸರು ಹೊಕ್ಕ ಮನೆಯನ್ನು ಊರು ಮರೆಯುತ್ತದೆಯೇ. ನಕಾಶಿ ಕೊಡವಾ ಪ್ರಣಾಲಿ, ಜೀಪ್ ಕಾಯ್ಲಾಕತ್ತದ. ಸರ್ ಕೈ ಚಾಚಿದ್ದಾರೆ, ಕೊಡಬೇಕು, ಕೊಡುತ್ತಿಲ್ಲ, ನಕಾಶೆಯನ್ನು ಎದೆಗೆ ಅವಚಿಕೊಂಡಿದ್ದಾಳೆ, ಅಜ್ಜಿಯ ಬೆರಳು, ತಿರುಗಿದ ಹೊರಸು, ಆ ಬೆರಳು, ಹೊರಸು —

ಗೆರಿ ತಪ್ಯಾವರಿ ಸರ್, ಕೈಲಾಶನ ಮನಿ ಅಲ್ಲದು.