ಫಿನ್‌ಬಾರ್ ಕ್ವಿಲ್‌ಗೆ ಹಾಕಿದ ಗಂಧದ ಹಾರ

ಡಬ್ಲಿನ್ನಿನ ಕನ್ನಡಿಗರಲ್ಲಿ ಹೇಮಚಂದ್ರನಿಗೆ ಗೊತ್ತಿಲ್ಲದ ಸುದ್ದಿ ಇನ್ನೂ ಹುಟ್ಟಿರಲಿಲ್ಲ. ಸಾಫ್ಟ್‌ವೇರ್ ಕೆಲಸ ಹೊಟ್ಟೆಪಾಡಿಗೆ; ಒಳಗಿನ ಸುದ್ದಿ ಹಂಚುವುದು ಮರ್ಯಾದೆಗೆ. ಆ ಮರ್ಯಾದೆಯ ಬಲದಲ್ಲೇ 2004ರ ರಾಜ್ಯೋತ್ಸವದಂದು ಅವನು ಅಲ್ಲಿನ ಕನ್ನಡ ಸಂಘದ ಅಧ್ಯಕ್ಷನಾಗುವವನಿದ್ದ.

ಆಗ ಎಲ್ಲರ ಬಾಯಲ್ಲೂ ಸೋಲ್-ರಾಕ್ ಸಂಗೀತದ ಐರಿಷ್ ಹಾಡುಗಾರ ಫಿನ್‌ಬಾರ್ ಕ್ವಿಲ್. ವರ್ಷದಿಂದ ಆತ ವೇದಿಕೆ ಹತ್ತಿರಲಿಲ್ಲ. ಕುಡಿದು ಲಿವರ್ ಹೋಗಿದೆ ಎಂದರು ಕೆಲವರು, ಡಾಕ್ಟರರು ಗಂಟಲು ಕೊಯ್ದಿದ್ದಾರೆ ಎಂದರು ಕೆಲವರು. ಎಲುಬಿಲ್ಲದ ನಾಲಿಗೆಗೆ ಏನು ಕಷ್ಟ? ಹೇಮಚಂದ್ರನಂತೂ ಕಣ್ಣಾರೆ ಕಂಡಿದ್ದ. ದೂರದ ಸ್ಲೈಗೋ ಊರಿನ ಆಸ್ಪತ್ರೆಯಲ್ಲಿ ಡಾಕ್ಟರಾಗಿದ್ದ ಗೆಳೆಯ ಸುಬ್ರಾಯನನ್ನು ನೋಡಲು ಹೋದಾಗ, ಬೋಳುತಲೆಯ, ಕಡ್ಡಿಯಂತಾದ ಫಿನ್‌ಬಾರ್ ವಾರ್ಡಿನೊಳಗೆ ಹೋಗುತ್ತಿದ್ದ.

ಡಬ್ಲಿನ್ನಿಗೆ ಮರಳಿದ ಮೇಲೂ ಹೇಮಚಂದ್ರನಿಗೆ ತಡೆಯಲಾಗಲಿಲ್ಲ, ಸುಬ್ರಾಯನಿಗೆ ಫೋನ್ ಮಾಡಿದ. "ಕ್ಯಾನ್ಸರಾ?"

"ಆಸ್ಪತ್ರೆ ವಿಷಯ ನನ್ನನ್ನ ಕೇಳ್ಬೇಡ ಮಾರಾಯ," ಎಂದ ಸುಬ್ರಾಯ.

"ಹೋಗ್ಲಿ, ಬದುಕಿದಾನಾ ಅಂತಾದ್ರೂ ಹೇಳು."

"ಫೋನ್ ಇಡ್ತೀನಿ."

ಇಟ್ಟೇಬಿಟ್ಟ. ಬದುಕಿದ್ದರೆ ಬದುಕಿದ್ದಾನೆ ಎನ್ನಲು ಇವನಿಗೇನು ಧಾಡಿ? ಸತ್ತಿದ್ದಾನೆ, ಮನೆಯವರು ಮುಚ್ಚಿಟ್ಟಿದ್ದಾರೆ ಎಂದು ಹೇಮಚಂದ್ರ ತೀರ್ಪು ಕೊಟ್ಟ. ಕನ್ನಡಿಗರಿಗೆ ಅಷ್ಟು ಸಾಕಾಯಿತು.

ರಾಜ್ಯೋತ್ಸವದ ವೇದಿಕೆಯ ಮೇಲೆ ಎರಡು ಫೋಟೋ ಇಟ್ಟಿದ್ದರು. ಒಂದು, ಹೊಸ ಅಧ್ಯಕ್ಷರದು. ಇನ್ನೊಂದು ಫಿನ್‌ಬಾರ್‌ನದು, ಅದಕ್ಕೆ ಗಂಧದ ಹಾರ, ಗಾಜಿಗೆ ಕುಂಕುಮ, ಮುಂದೆ ದೀಪ. ಹಾಲ್ ನೋಡಿಕೊಳ್ಳುವ ಬ್ರೈಡಿ ಅದನ್ನು ಕಂಡು ಹಿಗ್ಗಿಹೋದಳು. ಆಕೆ ಫಿನ್‌ಬಾರ್‌ನ ಸೋದರತ್ತೆ. ನಿನಗೆ ಇಲ್ಲಿ ಸನ್ಮಾನ ನಡೆಯುತ್ತಿದೆ, ಬೇಗ ಬಾ ಎಂದು ಫೋನ್ ಮಾಡಿದಳು.

ಎಲ್ಲರೂ ಎದ್ದು ಮೌನ ಆಚರಿಸುತ್ತಿದ್ದಾಗ ಬಾಗಿಲು ತೆರೆಯಿತು. ಫಿನ್‌ಬಾರ್ ಸೈಕಲ್ ಹೆಲ್ಮೆಟ್ ಕಂಕುಳಲ್ಲಿಟ್ಟುಕೊಂಡು ನಗುತ್ತ ಬಂದ. ಸ್ಲೈಗೋದಲ್ಲಿ ಅಮ್ಮನ ಸೊಂಟದ ಮೂಳೆ ಮುರಿದಿತ್ತಂತೆ, ಅವಳ ಸೇವೆಯಲ್ಲೇ ವರ್ಷ ಕಳೆದು, ಮೊನ್ನೆಯಷ್ಟೇ ಡಬ್ಲಿನ್ನಿಗೆ ಮರಳಿದನಂತೆ. ಸೈಕಲ್ ತುಳಿದು ಸಣ್ಣಗಾದನಂತೆ. ಬೋಳುತಲೆ ಅಪ್ಪನಿಂದ ಬಂದ ಆಸ್ತಿಯಂತೆ! ಹೇಮಚಂದ್ರನಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು.

"ನನ್ನ ಜನರೇ ನನಗೆ ಇಷ್ಟು ಮಾಡಿಲ್ಲ," ಎಂದು ಫಿನ್‌ಬಾರ್ ಕಣ್ಣೊರೆಸಿಕೊಂಡ. "ಇದರ ಹಿಂದೆ ಯಾರಿದ್ದಾರೆ?"

ಜನ ಒಕ್ಕೊರಲಿನಿಂದ ಹೇಮಚಂದ್ರನನ್ನು ತೋರಿಸಿದರು. ಬೇಕೆಂದೇ ತೋರಿಸಿದರು. ಫಿನ್‌ಬಾರ್ ತನ್ನ ಫೋಟೋದ ಹಾರ ತೆಗೆದು, ಭಕ್ತಿಯಿಂದ ಅಧ್ಯಕ್ಷರ ಫೋಟೋಗೆ ಹಾಕಿದ. ದೀಪವನ್ನೂ ಅದರ ಮುಂದೆ ಸರಿಸಿ, "ಗ್ರ್ಯಾಂಡ್!" ಎಂದ. ಹೇಮಚಂದ್ರನ ಹೆಂಡತಿ ನಾಗಮಣಿ ತಾಳಿ ಹಿಡಿದುಕೊಂಡು ಕಿರುಚಿದಳು. ಆ ಹಾರದ ಅರ್ಥವನ್ನು ಫಿನ್‌ಬಾರ್‌ಗೆ ಬಿಡಿಸಿ ಹೇಳುವ ಧೈರ್ಯ ಯಾರಿಗೂ ಬರಲಿಲ್ಲ, ಹೇಮಚಂದ್ರನಿಗಂತೂ ಬರಲೇ ಇಲ್ಲ. ಯಾರೋ ಅದರ ಫೋಟೋ ಹೊಡೆದು ಊರೂರಿಗೆ ಇಮೇಲ್ ಮಾಡಿದರು.

ಆ ಫೋಟೋ ಕಂಡು, ಆ ವಾರವೇ ವಾಟರ್‌ಫರ್ಡ್ ಊರಿನಿಂದ ವಸುಂಧರಾ ಫೋನ್ ಮಾಡಿದರು. ಸಂಘದಲ್ಲಿ ಅವರೇ ಹಿರಿಯರು. ಹೇಮಚಂದ್ರನೇ ಎತ್ತಿದ.

"ಅಯ್ಯೋ ಪಾಪ, ನೀವೇ ಎತ್ತಿದ್ರಾ? ಹೇಗಿದೀರಿ?"

"ಗುಂಡುಕಲ್ಲಿನ ಥರ ಇದೀನಿ ಮೇಡಂ! ನಂಗೇನೂ ಆಗಿಲ್ಲ!"

"ಹಾಗೇ ಧೈರ್ಯವಾಗಿರಿ. ನಿಮ್ಮ ಹತ್ರ ಮುಚ್ಚಿಟ್ಟಿರ್ತಾರೆ ಬಿಡಿ. ಸುಬ್ರಾಯರನ್ನೇ ಕೇಳಿದ್ವಿ, ಪಾಪ, ಬಾಯೇ ಬಿಡ್ಲಿಲ್ಲ. ಅಷ್ಟರಲ್ಲೇ ಗೊತ್ತಾಗೋಯ್ತು. ಎಲ್ಲಿ, ನಾಗಮಣಿಗೆ ಸ್ವಲ್ಪ ಫೋನ್ ಕೊಡಿ."