ಹತ್ತನೇ ತರಗತಿಯ ಮಿಚ್ಚಿ

ಕರೆದ ಹಾಲಿನ ಮೇಲೆ ಆಣೆ, ಇದರಲ್ಲಿ ಒಂದು ಹನಿ ನೀರೂ ಬೆರೆಸಿಲ್ಲ. ಅನುಮಾನವಿದ್ದವರು ಹಟ್ಟಿಗೆ ಬಂದು ಯಾರನ್ನು ಬೇಕಾದರೂ ಕೇಳಬಹುದು. ಸುರೇಂದ್ರನ್ ಎರಡು ಕೈಯನ್ನೂ ಬಾಯಿಯ ಸುತ್ತ ಹಿಡಿದು ಎದುರು ಗುಡ್ಡದ ಕಡೆಗೆ ಕೂಗುತ್ತಿದ್ದ. ಅವನ ಬೆನ್ನ ಹಿಂದೆ, ಅಂಗಳದ ಮಂಚದ ಮೇಲೆ, ಅವನ ತಾಯಿ ಮಿಚ್ಚಿ ಬಿಳಿ ಬಟ್ಟೆ ಹೊದ್ದು ಮಲಗಿದ್ದಳು. ಸತ್ತು ಒಂದು ರಾತ್ರಿ ಕಳೆದಿತ್ತು.

"ಬನ್ನಿ! ಹೊತ್ತಾತು! ಬನ್ನಿ!"

ಎದುರು ಗುಡ್ಡದಿಂದ ಉತ್ತರವಾಗಿ ಬಂದದ್ದು ಬ್ಯಾಂಡಿನ ಸದ್ದು ಮಾತ್ರ. ಅಲ್ಲಿಯ ಹಟ್ಟಿಯಲ್ಲಿ ರಾಜೇಂದ್ರನ್ ಎಂಬ ನಿವೃತ್ತ ಬ್ಯಾಂಕ್ ಮ್ಯಾನೇಜರ್ ಕೂಡ ಅದೇ ರಾತ್ರಿ ತೀರಿಕೊಂಡಿದ್ದ. ಸುತ್ತಲಿನ ನೆಂಟರೆಲ್ಲ "ಮೊದಲು ಅಲ್ಲಿ ತಲೆ ತೋರಿಸಿ ಬಂದುಬಿಡುತ್ತೇವೆ" ಎಂದು ಹೋದವರು, ಅಲ್ಲಿ ಊಟದ ಪಂಕ್ತಿ ಕಂಡು ಬೇರು ಬಿಟ್ಟಿದ್ದರು. ಮಿಚ್ಚಿಯ ಅಂಗಳದಲ್ಲಿ ಉಳಿದವರು ಗುಡ್ಡ ಹತ್ತಲಾಗದ ಮುದುಕ ಮುದುಕಿಯರು, ಸುರೇಂದ್ರನ್‌ನ ಹೆಂಡತಿ, ಮಗಳು ಅಭಿನಯಾ, ಮತ್ತೆ ಹಟ್ಟಿಯ ಹಿರಿಯ ಭೀಮ.

"ಕೂಗಿ ಕೂಗಿ ನೀನೂ ಬಿದ್ದರೆ, ನಿನ್ನ ಎತ್ತೋಕೂ ಆಳಿಲ್ಲೆ," ಎಂದ ಭೀಮ, ಕಲ್ಲಿನ ಮೇಲೆ ಕೂತಲ್ಲಿಂದಲೇ.

"ಎತ್ತೋದಿರಲಿ ಭೀಮಣ್ಣ. ತಪ್ಪು ಹೇಳೋಕೆ ಜನ?"

ಸುರೇಂದ್ರನ್‌ನನ್ನು ಕಾಡುತ್ತಿದ್ದದ್ದು ಅದೇ. ಹಟ್ಟಿಯವರಲ್ಲಿ ಹೆಣ ಎತ್ತುವ ಮೊದಲು ಕರು ಹರಚೋದು ಅಂತ ಒಂದು ಶಾಸ್ತ್ರ. ಹಿರಿಯನೊಬ್ಬ ಕರುವಿನ ಮೇಲೆ ಕೈಯಿಟ್ಟು, ಸತ್ತವರ ತಪ್ಪುಗಳನ್ನು ಒಂದೊಂದಾಗಿ ಕೂಗಿ ಹೇಳುತ್ತಾನೆ. ನೆರೆದ ಜನ ಒಂದೇ ದನಿಯಲ್ಲಿ "ತಪ್ಪು" ಅನ್ನಬೇಕು. ಹಾಗಂದಾಗ ಆ ಭಾರವೆಲ್ಲ ಕರುವಿನ ಬೆನ್ನೇರಿ ಹೋಗುತ್ತದೆ, ಸತ್ತವರು ಹಗುರಾಗಿ ದಾರಿ ಹಿಡಿಯುತ್ತಾರೆ. ಜನರಿಲ್ಲದಿದ್ದರೆ? ತಾಯಿ ಭಾರ ಹೊತ್ತುಕೊಂಡೇ ಹೋಗಬೇಕು. ಮಂಡಿ ನೋವಿನ ಮುದುಕಿ ಬೇರೆ.

"ಕರುವೂ ಇಲ್ಲೆ," ಎಂದು ಭೀಮ ನೆನಪಿಸಿದ. "ಇದ್ದದ್ದು ಒಂದೇ. ಅದನ್ನೂ ಮ್ಯಾನೇಜರ ಮನೆಯವರು ಹೊಡಕೊಂಡು ಹೋಗಿಯಾರೆ."

"ಎಲ್ಲಾರೂ ಈಗ ಕರು ಇಲ್ಲದೇ ಮಾಡ್ತಾರಲ್ಲ!"

"ಎಲ್ಲಾರೂ ಮಾಡಲಿ. ನಾ ಮಾಡೋದಿಲ್ಲೆ."

ಬಿಸಿಲು ಚಹಾ ತೋಟದ ಮೇಲಿಂದ ಜಾರತೊಡಗಿತ್ತು. ಹೊತ್ತು ಮುಳುಗುವುದರೊಳಗೆ ಎತ್ತಬೇಕು. ಸುರೇಂದ್ರನ್ ತಾಯಿಯ ಹೊದಿಕೆ ಸರಿಮಾಡಲು ಬಾಗಿದ. ಸೆರಗಿನ ತುದಿಯಲ್ಲಿ ಗಂಟು ಕಟ್ಟಿದ್ದ ಅವಳ ಫೋನು ಕೈಗೆ ತಗುಲಿತು.

*

ಆ ಫೋನು ಮೊದಲು ಅಭಿನಯಾಳ ಪಾಠಕ್ಕೆಂದು ತಂದದ್ದು. ಶಾಲೆಗೆ ಬೀಗ ಬಿದ್ದ ಕಾಲದಲ್ಲಿ ಗೂಡಲೂರು ಕಡೆಯ ಮುರಳೀಧರನ್ ಎಂಬ ಮೇಷ್ಟರು ಒಂದು ವಾಟ್ಸಪ್ ಗ್ರೂಪ್ ಮಾಡಿ, ದೂರದೂರದ ಹತ್ತನೇ ತರಗತಿ ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತಿದ್ದರು. ಶಾಲೆ ತೆರೆದರೂ ಗ್ರೂಪ್ ಮುಚ್ಚಲಿಲ್ಲ. ಅಭಿನಯಾ ಪಾಸಾಗಿ ಕಾಲೇಜು ಸೇರಿದಳು, ಬೇರೆ ಫೋನು ಕೊಂಡಳು. ಹಳೆಯದು ಮುದುಕಿಯ ಸೊಂಟ ಸೇರಿತು.

ಅಂದಿನಿಂದ ಮಿಚ್ಚಿ ಚಹಾ ಎಲೆ ಕೀಳುತ್ತಾ ಸೊಂಟದ ಜೊತೆ ಮಾತಾಡತೊಡಗಿದಳು.

"ಯಾರ ಕೂಡ ಮಾತು, ಅವ್ವೆ?" ಎಂದು ಒಂದು ದಿನ ಸುರೇಂದ್ರನ್ ಕೇಳಿದ್ದ.

"ಪಾಠದ ಮಕ್ಕ ಕೂಡ. ಸುಮ್ಮನಿರು, ಸಾರ್ ಎಲೆ ಬಗ್ಗೆ ಹೇಳಿಯಾರೆ."

"ಹುಟ್ಟಿದಾಗಿಂದ ಎಲೆ ಕಿತ್ತವಳು ನೀ. ನಿನಗೆ ಎಲೆ ಬಗ್ಗೆ ಯಾರು ಹೇಳಬೇಕು?"

"ಕಿತ್ತೆ. ಕೇಳಲಿಲ್ಲೆ."

ಸುರೇಂದ್ರನ್ ಆ ಸಂಜೆಯೇ ಹೆಂಡತಿ ಕಲಾಳಿಗೆ, ಅವ್ವೆಯ ತಲೆ ಸ್ವಲ್ಪ ಅತ್ತಿತ್ತ ಆದ ಹಾಗಿದೆ, ದೇವರಿಗೆ ಒಂದು ಹರಕೆ ಕಟ್ಟು ಎಂದಿದ್ದ. ಕಲಾ ಕಟ್ಟಿದಳು. ಗುಣವಾಗಲಿಲ್ಲ.

*

"ಅಪ್ಪಾ, ವ್ಯಾನು!"

ಹಟ್ಟಿಯ ತಿರುವಿನಲ್ಲಿ ಹೊಗೆಯುಗುಳುತ್ತಾ ಒಂದು ವ್ಯಾನು ನಿಂತಿತು. ಅದರೊಳಗಿಂದ ಮಕ್ಕಳು ಇಳಿದರು. ಇಳಿದರು, ಇಳಿಯುತ್ತಲೇ ಇದ್ದರು. ದೇವಾಲದವರು, ಚೇರಂಬಾಡಿಯವರು, ಮಾವನಲ್ಲಾ ಎಂಬ ಊರಿನವರು. ಒಂದು ವ್ಯಾನಿನೊಳಗೆ ಅಷ್ಟು ಮಕ್ಕಳು ಹಿಡಿದದ್ದು ಹೇಗೆಂದು ಡ್ರೈವರೇ ಕೆಳಗಿಳಿದು ಒಳಗೆ ಇಣುಕಿದ. ಕೊನೆಗೆ ಬಾಡಿದ ಮುಖದ ಒಬ್ಬ ಮೇಷ್ಟರು, ಹೂವಿನ ಚಕ್ರ ಹಿಡಿದು. ಅವರ ಹಿಂದೆ ಇಬ್ಬರು ಹುಡುಗರು ಬಾಗಿಲಗಲದ ಫ್ಲೆಕ್ಸ್ ಬಿಚ್ಚಿ ಎತ್ತಿ ಹಿಡಿದರು.

ತಮಿಳಿನಲ್ಲಿದ್ದುದನ್ನು ಸುರೇಂದ್ರನ್ ಓದಿದ: 'ಕಣ್ಣೀರ ಅಂಜಲಿ. ನಮ್ಮ ಪ್ರೀತಿಯ ಸಹಪಾಠಿ ಮಿಚ್ಚಿ, ಹತ್ತನೇ ತರಗತಿ.' ನಡುವೆ ದೊಡ್ಡದಾಗಿ ಒಂದು ಎಮ್ಮೆ ಕರುವಿನ ಫೋಟೋ.

ಮಾವನಲ್ಲಾ ಊರಿನ ಜಯಂತಿ ಎಂಬ ಹುಡುಗಿ ಅಳುತ್ತಾ ಮುಂದೆ ಬಂದಳು. ಅವಳಪ್ಪ ಅಮ್ಮ ಕಾಡಿನ ಕೂಲಿಯವರು. "ಮಾಮಾ, ಮಿಚ್ಚಿ ಎಲ್ಲಿ?"

"ಇಲ್ಲೇ ಮಲಗಿಯಾಳಲ್ಲ."

ಜಯಂತಿ ನೋಡಿದಳು. ಅಳು ನಿಂತಿತು. "ಇದು ಯಾರೋ ಅಜ್ಜಿ!"

"ನಮ್ಮವ್ವೆ. ಮಿಚ್ಚಿ."

"ಅಲ್ಲ ಮಾಮಾ, ನಮ್ಮ ಮಿಚ್ಚಿ. ನಮ್ಮ ಕ್ಲಾಸು. ಹೋದ ವಾರ ನನ್ನ ಜೊತೆ ರಿವಿಜನ್ ಮಾಡಿದಾಳೆ!"

ಎಲ್ಲರೂ ಅಭಿನಯಾಳ ಕಡೆ ತಿರುಗಿದರು. ಅವಳು ಸೆರಗು ಬಾಯಿಗೊತ್ತಿಕೊಂಡಳು. ಅಜ್ಜಿಯನ್ನು ಅವಳು ಕರೆಯುವುದು ಹೆತ್ತೆ ಎಂದು. "ಅಪ್ಪಾ, ಹೆತ್ತೆಯ ಗ್ರೂಪಿಗೆ ನಾನೇ ಮೆಸೇಜ್ ಹಾಕಿದೆ, ಮಿಚ್ಚಿ ತೀರಿಹೋದಳು ಅಂತ. ಹೆತ್ತೆ ಮೈಕ್ ಒತ್ತಿ ಮಾತಾಡ್ತಿದ್ದಳು, ಫೋನು ಅದನ್ನ ಬರೆದು ಹಾಕ್ತಿತ್ತು. ದನಿ ಯಾರೂ ಕೇಳಲಿಲ್ಲೆ. ವಯಸ್ಸು ಅವಳು ಹೇಳಲಿಲ್ಲೆ."

"ಫೋಟೋ?" ಎಂದ ಸುರೇಂದ್ರನ್, ಕರುವಿನ ಕಡೆ ಬೆರಳು ಮಾಡಿ.

"ಗ್ರೂಪಲ್ಲಿ ಅವಳ ಮುಖ ಅಂದರೆ ಇದೇ," ಎಂದಳು ಜಯಂತಿ.

ಮುರಳೀಧರನ್ ಮೇಷ್ಟರು ಹೂವಿನ ಚಕ್ರ ಹಿಡಿದಲ್ಲೇ ನೆಲಕ್ಕೆ ಕೂತರು. "ಅಯ್ಯಾ, ಎಲೆ ತನ್ನ ಅಡುಗೆ ತಾನೇ ಮಾಡ್ಕೊಳ್ತದೆ ಅಂತ ಪಾಠ ಹಾಕಿದ್ದೆ. ಗ್ರೂಪಲ್ಲಿ ಎಲ್ಲಾರೂ ಹೆಬ್ಬೆರಳು ತೋರ್ಸಿದ್ರು, ಅರ್ಥ ಆಯ್ತು ಅಂತ. ಮಿಚ್ಚಿ ಒಬ್ಬಳೇ ಕೇಳಿದ್ದು: ಹಾಗಾದ್ರೆ ನಾವು ದಿನಾ ಎಲೆ ಕೀಳ್ತೀವಲ್ಲ ಸಾರ್, ಗಿಡ ಉಪವಾಸವಾ? ನಾನು ಮತ್ತೆ ಮೊದಲಿಂದ ಹೇಳ್ಬೇಕಾಯ್ತು. ಆಗ ಗೊತ್ತಾಯ್ತು, ಹೆಬ್ಬೆರಳು ತೋರ್ಸಿದವ್ರಿಗೆ ಯಾರಿಗೂ ಅರ್ಥ ಆಗಿರಲಿಲ್ಲ ಅಂತ."

"ನಮಗೆ ಕೇಳೋಕೆ ನಾಚಿಕೆ," ಎಂದಳು ಜಯಂತಿ. "ಡೌಟೆಲ್ಲಾ ಮಿಚ್ಚಿಗೇ ಕಳಿಸ್ತಿದ್ವಿ, ನೀನೇ ಕೇಳು ಅಂತ. ಕೇಳ್ತಿದ್ಲು. ಅರ್ಥ ಆಗೋ ತನಕ ಬಿಡ್ತಿರಲಿಲ್ಲ."

"ನಾನು ಅವಳಿಗೆ ಒಂದು ಸಲ, ನಿಮ್ಮಪ್ಪನ್ನ ಕರ್ಕೊಂಡು ಬಾ ಅಂತ ಬೈದಿದ್ದೆ," ಎಂದರು ಮೇಷ್ಟರು.

ಭೀಮ ಇದ್ಯಾವುದನ್ನೂ ಕೇಳುತ್ತಿರಲಿಲ್ಲ. ಅವನ ಕಣ್ಣು ಫ್ಲೆಕ್ಸಿನ ಮೇಲೆ ನೆಟ್ಟಿತ್ತು. ಕೋಲೂರಿ ಎದ್ದು, ಹತ್ತಿರ ಬಂದು, ಕರುವನ್ನು ಸಂತೆಯಲ್ಲಿ ನೋಡುವ ಹಾಗೆ ಮೇಲಿಂದ ಕೆಳಗೆ ನೋಡಿದ.

"ಮೂರು ಕಾಲೇ ಕಂಡಿಯಾದೆ."

"ನಾಲ್ಕನೇದು ಹಿಂದೆ ಇದೆ ತಾತಾ," ಎಂದ ಫ್ಲೆಕ್ಸ್ ಹಿಡಿದ ಹುಡುಗ.

"ಇದ್ದರೆ ಸರಿ. ಅಲ್ಲಾಡಿಸದೆ ಹಿಡಿ. ಸುರೇಂದ್ರಾ, ಕರು ಬಂತು, ಜನ ಬಂತು. ಇನ್ನೇನ?"

ಸುರೇಂದ್ರನ್ ಮಕ್ಕಳನ್ನು ನೋಡಿದ. ತಮಿಳು, ಮಲಯಾಳ, ಕಾಡಿನ ಮಾತು. ಶಾಸ್ತ್ರ ಒಬ್ಬರಿಗೂ ಗೊತ್ತಿಲ್ಲ. ಅಭಿನಯಾ ಆಗಲೇ ಫೋನು ಬಾಯಿಗೆ ಹಿಡಿದಿದ್ದಳು. ಎಲ್ಲಿ 'ತಪ್ಪು' ಅನ್ನಬೇಕು, ಕೊನೆಗೆ 'ಭಾರ ಇಳಿಯಲಿ, ಬಾಗಿಲು ತೆರೆಯಲಿ' ಎಂದು ಹೇಗೆ ಹಾಡಬೇಕು, ಎಲ್ಲವನ್ನೂ ಹೇಳಿ ಗ್ರೂಪಿಗೆ ಕಳಿಸಿದಳು. ಅಂಗಳದ ತುಂಬ ಫೋನುಗಳು ಟಿಣ್ ಟಿಣ್ ಅಂದವು.

ಮಂಚದ ಮೇಲೂ ಒಂದು ಟಿಣ್ ಅಂದಿತು.

ಮುದುಕಿಯರು ಕಿರುಚಿ ಹಿಂದೆ ಸರಿದರು. ಸುರೇಂದ್ರನ್ ತಾಯಿಯ ಸೆರಗಿನ ಗಂಟು ಮುಟ್ಟಿ, ಬಿಚ್ಚದೆ ಹಾಗೇ ಬಿಟ್ಟ.

ಭೀಮ ಎಮ್ಮೆ ಕರುವಿನ ಹಣೆಯ ಮೇಲೆ ಕೈಯಿಟ್ಟು ಶುರು ಮಾಡಿದ. "ಎಲ್ಲೆಯ ಕಲ್ಲು ಕಿತ್ತು ಸರಿಸಿದಳು!"

"ತಪ್ಪು!"

"ಪಕ್ಕದವರ ನೀರು ತನ್ನ ಕಡೆ ತಿರುಗಿಸಿದಳು!"

"ತಪ್ಪು!"

"ನಿಲ್ಲಿಸಿ!" ಮೇಷ್ಟರು ಎದ್ದು ನಿಂತರು. ಮುಖ ಕೆಂಪಾಗಿತ್ತು. "ಮಿಚ್ಚಿ ಅಂಥವಳಲ್ಲ! ಸಾಕ್ಷಿ ಏನಿದೆ?"

ಭೀಮನನ್ನು ಈ ಶಾಸ್ತ್ರದ ನಡುವೆ ಯಾರೂ ಯಾವತ್ತೂ ತಡೆದಿರಲಿಲ್ಲ. ಅವನು ಕರುವಿನ ಹಣೆಯಿಂದ ಕೈ ತೆಗೆದು ಮೇಷ್ಟರ ಕಡೆ ತಿರುಗಿದ. ಆಮೇಲೆ ಸಮಾಧಾನವಾಗಿ ಹೇಳಿದ: "ಸಾರೇ, ಮಾಡಿದ್ದು, ಮಾಡದ್ದು ಅಂತ ನಾವು ನೋಡೋದಿಲ್ಲೆ. ಲೋಕದ ತಪ್ಪೆಲ್ಲಾ ಹೇಳಿಬಿಟ್ಟರೆ ಅವಳದ್ದು ಅದರೊಳಗೆ ಎಲ್ಲೋ ಬಂದುಬಿಡ್ತದೆ. ಬಿಟ್ಟುಹೋಯಿತು ಅನ್ನೋ ಹೆದರಿಕೆ ಇಲ್ಲೆ."

ಮೇಷ್ಟರು ತಲೆಯಾಡಿಸಿ ಕೂತರು. ಭೀಮ ಮುಂದುವರಿಸಿದ. ಹಸಿ ಮರ ಕಡಿದದ್ದು, ಅತ್ತೆಗೆ ಎದುರಾಡಿದ್ದು, ಹಾಲಿಗೆ ಬಿಡದೆ ಕರು ಕಟ್ಟಿದ್ದು. ಮಕ್ಕಳ ದನಿ ಏರುತ್ತಾ ಹೋಯಿತು. ಭೀಮನಿಗೂ ಹುರುಪು ಬಂದು, ಹಿರಿಯರು ಹೇಳಿಕೊಡದ ಒಂದನ್ನು ತಾನೇ ಸೇರಿಸಿದ.

"ಹಗಲೆಲ್ಲಾ ಫೋನು ಹಿಡಿದು, ಪ್ರಶ್ನೆ ಕೇಳಿ ಕೇಳಿ ಮೇಷ್ಟರ ತಲೆ ತಿಂದಳು!"

"ತಪ್ಪಲ್ಲಾ!"

ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದ್ದು ಮೇಷ್ಟರು. ಆ ಕೂಗಿಗೆ ಚಹಾ ಗಿಡಗಳ ಮೇಲಿನ ಹಕ್ಕಿಗಳೆಲ್ಲ ಎದ್ದು ಮೋಡ ಸೇರಿದವು. ಎದುರು ಗುಡ್ಡದ ಬ್ಯಾಂಡು ತಾಳ ತಪ್ಪಿ, ತಡವರಿಸಿ, ನಿಂತೇಹೋಯಿತು.

ಸುರೇಂದ್ರನ್ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದ. ಇಷ್ಟು ಜನ ಯಾರ ಸಾವಿಗೆ ಸೇರಿದ್ದಾರೆಂದು ನೋಡಲು, ಬಿಳಿ ಬಟ್ಟೆ ಉಟ್ಟ ನೆಂಟರು ಒಬ್ಬರ ಹಿಂದೊಬ್ಬರು, ಸಂಜೆ ಬಿಸಿಲಿನ ಚಹಾ ಸಾಲುಗಳ ನಡುವೆ ಇಳಿದು ಬರುತ್ತಿದ್ದರು. ಸಾಲಿನ ಕೊನೆಯಲ್ಲಿ, ತಲೆಯ ಮೇಲೆ ಡೋಲು ಹೊತ್ತ ಬ್ಯಾಂಡಿನವನೂ ಇದ್ದ.

ನಂಬಿಕೆ ಬರಲಿಲ್ಲವೇ? ಅಂದಿನ ವಿಡಿಯೋ ಆ ಗ್ರೂಪಿನಲ್ಲಿ ಇನ್ನೂ ಇದೆ, ಈಗಲೇ ತೋರಿಸಬಹುದು. ನೆಟ್ ಮಾತ್ರ ಮುಗಿದಿದೆ. ಎಲ್ಲಿ, ನಿಮ್ಮ ಹಾಟ್‌ಸ್ಪಾಟ್ ಸ್ವಲ್ಪ ಆನ್ ಮಾಡಿ ನೋಡೋಣ.